ಜಾಗವಿದ್ದರೂ ಜಾಗವಿಲ್ಲ ಎಂದ ಸರ್ವರ್

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಫೋನ್ ಬಂತು. 2018ರ ಆಗಸ್ಟ್ 5, ಭಾನುವಾರ.

"ಸರ, ಸೈಟ್ ಓಪನ್ ಆಗವಲ್ದು ನೋಡ್ರಿ. ರಾತ್ರಿ ಹನ್ನೊಂದರ ತನಕ ಆರ್ಡರ್ ಬಂದಾವು. ಆಮ್ಯಾಲೆ ಒಂದೂ ಇಲ್ಲ."

ಇಳಕಲ್ಲಿನಿಂದ ಮಾತಾಡುತ್ತಿದ್ದವರು ಒಂದು ನೇಕಾರ ಮನೆತನದ ಹೆಣ್ಣುಮಗಳು. ತಮ್ಮ ಮನೆಯ ಮಗ್ಗದ ಸೀರೆ, ಅಕ್ಕಪಕ್ಕದ ನಾಲ್ಕಾರು ಮನೆಗಳ ಸೀರೆ ಸೇರಿಸಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದರು. ಸೈಟ್ ಮಾಡಿಕೊಟ್ಟವನು ನಾನು. ಬಾಗಲಕೋಟೆ ನವನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅದನ್ನು ನೋಡಿಕೊಳ್ಳುತ್ತಿದ್ದವನೂ ನಾನೇ. ಆ ವರ್ಷ ನಾಗರ ಪಂಚಮಿ ಆಗಸ್ಟ್ 15ಕ್ಕೆ ಬಂದಿತ್ತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬಂದ ಮಗಳಿಗೆ, ತಂಗಿಗೆ ಸೀರೆ ಉಡಿಸಬೇಕು. ಕೊರಿಯರ್ ಮುಟ್ಟಲು ನಾಲ್ಕೈದು ದಿನ ಬೇಕು. ಹಾಗಾಗಿ ಆರ್ಡರ್ ಬರುವುದು ಹಬ್ಬಕ್ಕೆ ಹತ್ತು ದಿನ ಮೊದಲು. ಅಂದರೆ ಅದೇ ಹೊತ್ತಿಗೆ.

"ಹತ್ತು ನಿಮಿಷ ಕೊಡಿ" ಎಂದೆ.

ಸರ್ವರ್‌ಗೆ ಲಾಗಿನ್ ಆದೆ. ಅದು ಸೆಂಟ್‌ಓಎಸ್ 6 ಎಂಬ ಲಿನಕ್ಸ್ ಇದ್ದ ಹಳೆಯ ಬಾಡಿಗೆ ಮಷಿನ್. ಮೇಲೆ ಅಪಾಚೆ 2.2, ಸೈಟಿನ ಪುಟಗಳನ್ನು ಗಿರಾಕಿಗಳಿಗೆ ಕಳಿಸುವ ವೆಬ್ ಸರ್ವರ್ ಪ್ರೋಗ್ರಾಮ್. ಹಳೆಯದಾದರೂ ನಂಬಿಕೆಯದು, ನಾನೂರು ದಿನಕ್ಕೂ ಜಾಸ್ತಿ ಒಮ್ಮೆಯೂ ರೀಬೂಟ್ ಆಗದೆ ಓಡಿತ್ತು. ಅಪಾಚೆಯ ಸ್ಟೇಟಸ್ ಕೇಳಿದೆ. "ಡೆಡ್ ಬಟ್ ಸಬ್‌ಸಿಸ್ ಲಾಕ್ಡ್" ಎಂದಿತು. ಅಂದರೆ ಸರ್ವರ್ ಸತ್ತಿದೆ, ಆದರೆ ತಾನು ಓಡುತ್ತಿದ್ದೇನೆ ಎಂದು ಗುರುತಿಗೆ ಇಟ್ಟ ಫೈಲ್ ಇನ್ನೂ ಅಲ್ಲೇ ಇದೆ. ಮನೆಯಲ್ಲಿ ಯಾರೂ ಇಲ್ಲ, ಚಪ್ಪಲಿ ಮಾತ್ರ ಹೊಸ್ತಿಲಲ್ಲಿ ಇದೆ ಎಂದ ಹಾಗೆ. ಆ ಫೈಲ್ ತೆಗೆದು ಸ್ಟಾರ್ಟ್ ಕೊಟ್ಟೆ. ಬಲಗಡೆ ಕೆಂಪಕ್ಷರದಲ್ಲಿ ಫೇಲ್ಡ್.

ಎರರ್ ಲಾಗ್ ತೆರೆದೆ. ಕೊನೆಯ ಸಾಲಿನಲ್ಲಿ 28ನೇ ನಂಬರಿನ ಎರರ್ ಇತ್ತು. "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್." ಜಾಗವಿಲ್ಲ.

ಡಿಸ್ಕ್ ತುಂಬಿರಬೇಕು ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಡಿಸ್ಕಿನ ಜಾಗ ತೋರಿಸುವ ಡಿಎಫ್ ಕಮಾಂಡ್ ಹೊಡೆದು ನೋಡಿದೆ. ಡಿಸ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ. ಕೆಲವೊಮ್ಮೆ ಜಾಗ ಇದ್ದರೂ ಐನೋಡ್‌ಗಳು, ಅಂದರೆ ಪ್ರತಿ ಫೈಲಿಗೂ ಒಂದರಂತೆ ಬೇಕಾಗುವ ದಾಖಲೆಗಳು, ಮುಗಿದಿರುತ್ತವೆ. ಸಣ್ಣ ಸಣ್ಣ ಸೆಷನ್ ಫೈಲ್‌ಗಳು ಲಕ್ಷಗಟ್ಟಲೆ ಕೂಡಿಕೊಂಡಾಗ ಹೀಗಾಗುತ್ತದೆ. ಅದನ್ನೂ ನೋಡಿದೆ. ಧಾರಾಳವಾಗಿ ಇದ್ದವು. ಆದರೂ ಮನಸ್ಸು ಒಪ್ಪಲಿಲ್ಲ. ಹಳೆಯ ಲಾಗ್‌ಗಳನ್ನು ಅಳಿಸಿದೆ, ಟೆಂಪ್ ಫೋಲ್ಡರ್ ಖಾಲಿ ಮಾಡಿದೆ, ಮತ್ತೆ ಸ್ಟಾರ್ಟ್ ಕೊಟ್ಟೆ. ಮತ್ತೆ ಅದೇ. ಅಪಾಚೆಯ ಸೆಟ್ಟಿಂಗ್ ಫೈಲ್, ಅಂದರೆ ಕಾನ್ಫಿಗ್, ಟೆಸ್ಟ್ ಮಾಡಿದರೆ "ಸಿಂಟ್ಯಾಕ್ಸ್ ಓಕೆ". ವೆಬ್‌ಸೈಟಿಗೆ ಬರುವವರ ಬಾಗಿಲುಗಳಾದ 80 ಮತ್ತು 443ನೇ ಪೋರ್ಟ್‌ಗಳಲ್ಲಿ ಬೇರೆ ಪ್ರೋಗ್ರಾಮ್ ಯಾವುದಾದರೂ ಕೂತಿದೆಯೋ ಎಂದು ನೋಡಿದೆ. 80 ಖಾಲಿ, 443 ಖಾಲಿ. ಅರ್ಧ ಗಂಟೆ ಹೋಯಿತು.

ಇಳಕಲ್ಲಿನಿಂದ ಮತ್ತೆ ಫೋನ್. ಅವರು ಬೈಯಲಿಲ್ಲ. "ಒಬ್ಬಾಕಿ ಪುಣೆಯಿಂದ ರಾತ್ರಿ ಎರಡು ಸೀರಿ ಆರಿಸಿ ಇಟ್ಟಾಳ್ರಿ, ರೊಕ್ಕ ಕಟ್ಟೂಮುಂದ ನಿಂತೈತಂತ" ಎಂದರು. ಆ ಮಾತು ತಲೆಯಲ್ಲಿ ಉಳಿಯಿತು. ರೊಕ್ಕ ಕಟ್ಟುವಾಗ ನಿಂತಿದೆ. ಸೈಟ್ ಹನ್ನೊಂದಕ್ಕೆ ಸುಮ್ನೆ ನಿಂತಿಲ್ಲ ಹಾಗಾದರೆ. ಯಾರದೋ ಕೆಲಸದ ನಡುವೆ ಕತ್ತರಿಸಿ ಬಿದ್ದಿದೆ.

ಹುಬ್ಬಳ್ಳಿಯಲ್ಲಿರುವ ಗೆಳೆಯನಿಗೆ ಫೋನ್ ಮಾಡಿದೆ. ಅವನೂ ಇದೇ ಕೆಲಸದವನು. "ರೀಬೂಟ್ ಮಾಡು ಮಾರಾಯ, ಹಬ್ಬದ ಹೊತ್ತು, ಯಾಕೆ ತಲೆ ಕೆಡಿಸಿಕೊಳ್ಳುತ್ತೀ" ಎಂದ. ಅವನು ಹೇಳಿದ್ದು ತಪ್ಪಲ್ಲ. ರೀಬೂಟ್ ಮಾಡಿದ್ದರೆ ಐದು ನಿಮಿಷದಲ್ಲಿ ಸೈಟ್ ಮೇಲೆ ಬರುತ್ತಿತ್ತು ಎಂದು ಈಗ ಖಚಿತವಾಗಿ ಗೊತ್ತು. ಆದರೆ ಏನು ಕೆಟ್ಟಿತ್ತು ಎಂಬ ಗುರುತೂ ಅದರ ಜೊತೆಗೇ ಅಳಿದು ಹೋಗುತ್ತಿತ್ತು. ಎರಡು ದಿನದಲ್ಲಿ ಅದೇ ಗೋಳು ಮತ್ತೆ ಬರುತ್ತಿತ್ತು, ಬಹುಶಃ ಹಬ್ಬಕ್ಕೆ ಇನ್ನೂ ಹತ್ತಿರದಲ್ಲಿ. ಗಡಿಯಾರ ನೋಡಿದೆ. ಇನ್ನು ಹತ್ತೇ ನಿಮಿಷ ಹುಡುಕುತ್ತೇನೆ, ಸಿಗದಿದ್ದರೆ ರೀಬೂಟ್ ಎಂದು ನನಗೆ ನಾನೇ ಗಡುವು ಹಾಕಿಕೊಂಡೆ.

ಲಾಗಿನ ಸಾಲನ್ನು ಈ ಸಲ ಪೂರ್ತಿ ಓದಿದೆ. ಮೊದಲು ಓದಿದ್ದು ಅರ್ಧ ಮಾತ್ರ. "ಜಾಗವಿಲ್ಲ" ಎಂಬ ಮಾತಿನ ಮುಂದೆ ಇನ್ನೊಂದು ಮಾತಿತ್ತು: ಆಕ್ಸೆಪ್ಟ್ ಲಾಕ್ ಮಾಡಲು ಆಗಲಿಲ್ಲ. ಅಂದರೆ ಅಪಾಚೆ ಕೇಳುತ್ತಿದ್ದದ್ದು ಡಿಸ್ಕಿನ ಜಾಗವನ್ನಲ್ಲ. ಅದಕ್ಕೆ ಬೇಕಿದ್ದದ್ದು ಒಂದು ಸೆಮಾಫೋರ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಸಣ್ಣವನಿದ್ದಾಗ ಬಾಗಲಕೋಟೆಯ ಮೂಲಕ ಹೋಗುತ್ತಿದ್ದದ್ದು ಗದಗ–ಹೊಟಗಿ ಮೀಟರ್ ಗೇಜ್ ಗಾಡಿ. ಒಂಟಿ ಹಳಿ. ಎರಡು ಸ್ಟೇಷನ್ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು, ಇಲ್ಲದಿದ್ದರೆ ಎದುರುಬದುರು ಗುದ್ದುತ್ತವೆ. ಅದಕ್ಕೆ ಟೋಕನ್ ಇರುತ್ತಿತ್ತು. ದೊಡ್ಡ ಬಳೆಯಂಥ ರಿಂಗಿಗೆ ಒಂದು ಚರ್ಮದ ಚೀಲ, ಅದರೊಳಗೆ ಟೋಕನ್. ಸ್ಟೇಷನ್ನಿನವರು ಆ ರಿಂಗನ್ನು ಎತ್ತಿ ಹಿಡಿಯುವುದು, ಇಂಜಿನ್ನಿನಿಂದ ಕೈ ಚಾಚಿ ಅದನ್ನು ಎಳೆದುಕೊಳ್ಳುವುದು ನೋಡುವುದೇ ಒಂದು ಚಂದ. ಟೋಕನ್ ಕೈಗೆ ಬಂದ ಮೇಲೆ ಮಾತ್ರ ಗಾಡಿ ಮುಂದೆ ಹೋಗಬೇಕು. ಮುಂದಿನ ಸ್ಟೇಷನ್ನಿನಲ್ಲಿ ಅದನ್ನು ವಾಪಸ್ ಕೊಡಬೇಕು.

ಅಪಾಚೆಯಲ್ಲೂ ಇದೇ ಕಥೆ. ಒಂದು ತಂದೆ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್), ಅದರ ಕೆಳಗೆ ಹತ್ತಾರು ಮಕ್ಕಳು. ಹೊಸ ಗಿರಾಕಿ ಬಾಗಿಲಿಗೆ ಬಂದಾಗ ಎಲ್ಲರೂ ಒಟ್ಟಿಗೆ ಎದ್ದು ಓಡಬಾರದು. ಟೋಕನ್ ಹಿಡಿದವನು ಹೋಗಬೇಕು. ಆ ಟೋಕನ್ನೇ ಸೆಮಾಫೋರ್. ಹೆಸರು ಕೂಡ ರೈಲಿನದೇ. ತೋಳು ಎತ್ತಿ ಇಳಿಸುವ ಹಳೆಯ ಸಿಗ್ನಲ್ ಕಂಬಕ್ಕೆ ಸೆಮಾಫೋರ್ ಎನ್ನುತ್ತಾರೆ. 1960ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅದನ್ನು ಕಂಪ್ಯೂಟರಿಗೆ ತಂದರು. ನನ್ನ ಮಷಿನ್ ಬಳಸುತ್ತಿದ್ದದ್ದು ಸಿಸ್ಟಮ್ ಫೈವ್ ಎಂಬ ಹಳೆಯ ಯೂನಿಕ್ಸ್ ಕಾಲದ ಬಗೆ. ಈ ಬಗೆಯ ಸೆಮಾಫೋರಿಗೆ ಒಂದು ಗುಣವಿದೆ. ಅದು ಪ್ರೋಸೆಸ್ಸಿನ ಸ್ವತ್ತಲ್ಲ, ಲಿನಕ್ಸಿನ ತಿರುಳಾದ ಕರ್ನಲ್‌ನ ಸ್ವತ್ತು. ಪ್ರೋಸೆಸ್ ಹೋಗುವಾಗ ತಾನೇ ಅದನ್ನು ಅಳಿಸಿ ಹೋಗಬೇಕು. ಅಳಿಸದೆ ಸತ್ತರೆ ಅದು ಹಾಗೇ ಉಳಿಯುತ್ತದೆ. ಯಾರಾದರೂ ಕೈಯಿಂದ ತೆಗೆಯುವವರೆಗೆ, ಇಲ್ಲವೇ ರೀಬೂಟ್ ಆಗುವವರೆಗೆ.

ಐಪಿಸಿಎಸ್ ಎಂಬ ಕಮಾಂಡ್ ಹೊಡೆದೆ. ಪರದೆ ತುಂಬಿ ಮೇಲಕ್ಕೆ ಓಡಿತು. ಸಾಲು ಸಾಲಾಗಿ ಸೆಮಾಫೋರ್‌ಗಳು, ಹೆಚ್ಚುಕಡಿಮೆ ಎಲ್ಲದರ ಎದುರೂ ಅಪಾಚೆಯ ಹೆಸರು. ಎಣಿಸಿದೆ. ಅಪಾಚೆಯವು 126. ಬೇರೆ ಪ್ರೋಗ್ರಾಮಿನವು ಎರಡು. ಒಟ್ಟು 128. ಕರ್ನಲ್‌ನ ಮಿತಿ ಎಷ್ಟು ಎಂದು ಕೇಳಿದೆ. ನಾಲ್ಕು ಅಂಕಿ ಬಂದವು: 250, 32000, 32, 128. ಕೊನೆಯದೇ ಮಿತಿ. ಭರ್ತಿಯಾಗಿತ್ತು. ಒಂದು ಗಾಡಿಯೂ ಓಡುತ್ತಿಲ್ಲ, ಟೋಕನ್ ಪೆಟ್ಟಿಗೆಯೂ ಖಾಲಿ.

ಅಪಾಚೆ ನಿಂತೇ ಇದೆಯೆಂದು ಇನ್ನೊಮ್ಮೆ ಖಚಿತ ಮಾಡಿಕೊಂಡೆ. ಓಡುತ್ತಿರುವಾಗ ಈ ಕೆಲಸ ಮಾಡಿದರೆ ಓಡುತ್ತಿರುವ ಸರ್ವರಿನ ಕಾಲನ್ನೇ ಕಡಿದಂತೆ. ಆಮೇಲೆ ಐಪಿಸಿಆರ್‌ಎಂ ಕಮಾಂಡಿನಿಂದ ಆ 126ನ್ನೂ ಒಂದೊಂದಾಗಿ ತೆಗೆಸಿದೆ. ಸ್ಟಾರ್ಟ್ ಕೊಟ್ಟೆ. ಹಸಿರು ಅಕ್ಷರದಲ್ಲಿ ಓಕೆ. ಏಳು ಗಂಟೆಗೆ ಇನ್ನೂ ಐದು ನಿಮಿಷ ಇತ್ತು. ಮೊಬೈಲಿನಲ್ಲಿ ಸೈಟ್ ತೆರೆದೆ. ಕಡುಗೆಂಪು ದಡಿಯ, ಟೋಪ್ ತೆನಿ ಎಂಬ ಇಳಕಲ್ ಮಾದರಿಯ ಸೆರಗಿನ ಸೀರೆ ನಿಧಾನವಾಗಿ ಮೇಲಿನಿಂದ ಕೆಳಗೆ ಮೂಡಿತು.

ನಿಧಾನವಾಗಿ. ಅದನ್ನು ನೋಡುತ್ತಿದ್ದಾಗಲೇ ಉಳಿದದ್ದು ಹೊಳೆದದ್ದು.

ಟೋಕನ್ ವಾಪಸ್ ಕೊಡದೆ 126 ಸಲ ಯಾರು ಬಿಟ್ಟುಹೋದರು? ಅಪಾಚೆ ಹಾಗೆ ಮಾಡುವುದಿಲ್ಲ. ನಿಲ್ಲು ಎಂದು ಸರಿಯಾಗಿ ಹೇಳಿದರೆ ಅದು ಎಲ್ಲ ಒಪ್ಪ ಮಾಡಿಯೇ ಹೋಗುತ್ತದೆ. ಹೊತ್ತು ಹೊತ್ತಿಗೆ ತಾನಾಗಿ ನಡೆಯುವ ಕೆಲಸಗಳ ಪಟ್ಟಿ, ಕ್ರಾನ್, ತೆರೆದೆ. ಅಲ್ಲಿತ್ತು. ಮೂರು ವರ್ಷದ ಹಿಂದೆ ನಾನೇ ಬರೆದ ಒಂದು ಪುಟ್ಟ ಕಾವಲು ಸ್ಕ್ರಿಪ್ಟ್. ಐದು ನಿಮಿಷಕ್ಕೊಮ್ಮೆ ಸೈಟ್ ತೆರೆದು ನೋಡುತ್ತದೆ. ಹತ್ತು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಸತ್ತಿದೆ ಎಂದು ತಿಳಿದು ಎಲ್ಲ ಅಪಾಚೆ ಪ್ರೋಸೆಸ್‌ಗಳಿಗೂ ಕಿಲ್ ಮೈನಸ್ 9 ಎಂಬ ಬಲವಂತದ ಕೊಲ್ಲುವ ಕಮಾಂಡ್ ಹೊಡೆಯುತ್ತದೆ. ಮತ್ತೆ ಸ್ಟಾರ್ಟ್ ಮಾಡುತ್ತದೆ. ಬರೆದ ದಿನ ಅದು ಜಾಣತನದ ಕೆಲಸ ಅನ್ನಿಸಿತ್ತು.

ಲಿನಕ್ಸಿನಲ್ಲಿ ಒಂದು ಪ್ರೋಗ್ರಾಮಿಗೆ ನಿಲ್ಲು ಎನ್ನಲು ಹಲವು ಬಗೆಗಳಿವೆ. 15ನೇ ಸಿಗ್ನಲ್ ಟರ್ಮ್. "ಹೊರಡಪ್ಪಾ" ಎಂದು ಹೇಳಿದ ಹಾಗೆ. ಪ್ರೋಗ್ರಾಮ್ ಅದನ್ನು ಕೇಳಿಸಿಕೊಂಡು, ಫೈಲ್ ಮುಚ್ಚಿ, ಲಾಕ್ ಬಿಟ್ಟು, ಸೆಮಾಫೋರ್ ಅಳಿಸಿ ಹೋಗುತ್ತದೆ. ಅಪಾಚೆಗೆ ಇನ್ನೂ ಮೆತ್ತಗೆ ಹೇಳಬಹುದು. ಗ್ರೇಸ್‌ಫುಲ್ ಎಂದರೆ ಪ್ರತಿ ಮಗುವೂ ಕೈಯಲ್ಲಿದ್ದ ಗಿರಾಕಿಯ ಕೆಲಸ ಮುಗಿಸಿಯೇ ಏಳುತ್ತದೆ. 9ನೇ ಸಿಗ್ನಲ್ ಕಿಲ್ ಹಾಗಲ್ಲ. ಅದನ್ನು ಪ್ರೋಗ್ರಾಮ್ ಕೇಳಿಸಿಕೊಳ್ಳುವುದೇ ಇಲ್ಲ. ಕರ್ನಲ್ ನೇರವಾಗಿ ಬಂದು ಅಳಿಸಿಬಿಡುತ್ತದೆ. ಏನನ್ನೂ ಒಪ್ಪ ಮಾಡಲು ಒಂದು ಕ್ಷಣವೂ ಸಿಗುವುದಿಲ್ಲ.

ಸ್ಕ್ರಿಪ್ಟ್ ತಾನು ಮಾಡಿದ್ದನ್ನು ಬರೆದಿಟ್ಟಿತ್ತು. ಆಗಸ್ಟ್ 1ರಿಂದ 4ರ ರಾತ್ರಿಯವರೆಗೆ 63 ಸಲ ಕಿಲ್ ಹೊಡೆದಿತ್ತು. ಪ್ರತಿ ಸಲ ಎರಡೆರಡು ಸೆಮಾಫೋರ್ ಅನಾಥವಾಗಿದ್ದವು, ಒಂದು ಬಾಗಿಲ ಸರದಿಯದು, ಇನ್ನೊಂದು ಸುರಕ್ಷಿತ ಸಂಪರ್ಕದ, ಅಂದರೆ ಎಸ್‌ಎಸ್‌ಎಲ್‌ನದು. ಲೆಕ್ಕ ಕೂಡಿತು. ಹನ್ನೊಂದರ ನಂತರ ಅಪಾಚೆ ಏಳಲೇ ಇಲ್ಲ. ಸ್ಕ್ರಿಪ್ಟ್ ಮಾತ್ರ ಬೆಳಗಿನವರೆಗೂ ಐದು ನಿಮಿಷಕ್ಕೊಮ್ಮೆ ಎಬ್ಬಿಸಲು ನೋಡುತ್ತಲೇ ಇತ್ತು.

ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಹತ್ತು ಸೆಕೆಂಡಿನಲ್ಲಿ ಯಾಕೆ ಉತ್ತರ ಬರಲಿಲ್ಲ? ಅದಕ್ಕೆ ಕಾರಣ ತೀರಾ ಸಾದಾ. ಹಬ್ಬಕ್ಕೆಂದು ಹೊಸ ಸೀರೆಗಳ ಫೋಟೋ ಹಾಕಿದ್ದರು. ಫೋನಿನಲ್ಲಿ ತೆಗೆದದ್ದನ್ನು ಹಾಗೇ ಏರಿಸಿದ್ದರು, ಒಂದೊಂದೂ ಐದಾರು ಎಂಬಿ. ಅಷ್ಟು ದೊಡ್ಡ ಫೋಟೋ ಇಳಿಸಿಕೊಳ್ಳುವ ಗಿರಾಕಿ ಒಂದು ಮಗುವನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತಾನೆ. ಸಂಜೆ ಜನ ಜಾಸ್ತಿಯಾದಾಗ ಎಲ್ಲ ಮಕ್ಕಳೂ ಕೆಲಸದಲ್ಲಿ, ಹೊಸಬರಿಗೆ ಕಾಯುವ ಸರದಿ. ಒಮ್ಮೆಗೆ ಎಷ್ಟು ಗಿರಾಕಿಗಳನ್ನು ನೋಡಿಕೊಳ್ಳಬಹುದು ಎಂಬ ಮ್ಯಾಕ್ಸ್‌ಕ್ಲೈಂಟ್ಸ್ ಮಿತಿ ಮುಟ್ಟಿದೆ ಎಂದು ಲಾಗಿನಲ್ಲಿ ಬರೆದೂ ಇತ್ತು. ಸರ್ವರ್ ಸತ್ತಿರಲಿಲ್ಲ. ಕೈತುಂಬ ಕೆಲಸವಿತ್ತು, ಅಷ್ಟೇ. ದುಡಿಯುತ್ತಿದ್ದುದನ್ನು ಸತ್ತಿದೆ ಎಂದುಕೊಂಡು ನನ್ನ ಸ್ಕ್ರಿಪ್ಟ್ 63 ಸಲ ಕೊಂದಿತ್ತು. ಪ್ರತಿ ಸಲವೂ ಯಾರೋ ಸೀರೆ ನೋಡುತ್ತಿದ್ದರು, ಯಾರೋ ವಿಳಾಸ ತುಂಬುತ್ತಿದ್ದರು. ಪುಣೆಯ ಆ ಹೆಣ್ಣುಮಗಳು ರೊಕ್ಕ ಕಟ್ಟುತ್ತಿದ್ದಳು. ಇದನ್ನು ಬರೆಯುವಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಳಕಲ್ಲಿಗೆ ಫೋನ್ ಮಾಡಿ ತಪ್ಪು ನನ್ನದು ಎಂದು ಹೇಳಿದೆ. ಏನಾಯಿತು ಎಂದು ಅವರು ಕೇಳಿದರು. ನನಗೆ ತಿಳಿದ ಹಾಗೆ ಹೇಳಿದೆ. ಅರ್ಧದಲ್ಲೇ ಅವರಿಗೆ ಅರ್ಥವಾಯಿತು. "ಕೊಂಡಿ ಹಾಕೂಮುಂದ ಎಬ್ಬಿಸಿದಂಗ ಆತಲ್ಲರಿ" ಎಂದರು.

ಇಳಕಲ್ ಸೀರೆಯ ಮೈ ಮತ್ತು ಸೆರಗಿಗೆ ಬೇರೆ ಬೇರೆ ಹಾಸು. ಮೈಯ ಹಾಸು ಹತ್ತಿಯದಾದರೆ ಸೆರಗಿನದು ರೇಷ್ಮೆ. ಎರಡರ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ. ಅದೇ ಕೊಂಡಿ. ಸಾವಿರಾರು ಎಳೆ, ಎಲ್ಲವೂ ಕೈಯಿಂದ, ಪ್ರತಿ ಸೀರೆಗೂ ಹೊಸದಾಗಿ. ಒಮ್ಮೆ ಅಮೀನಗಡ, ಹುನಗುಂದ ದಾಟಿ ಅವರ ಮನೆಗೆ ಹೋದಾಗ ಅವರ ಅತ್ತೆ ಕೊಂಡಿ ಹಾಕುತ್ತಾ ಕೂತಿದ್ದನ್ನು ನೋಡಿದ್ದೇನೆ. ಯಾರೋ ಹೊರಗಿನಿಂದ ಕರೆದರು. ಅವರು ಕತ್ತೆತ್ತಲಿಲ್ಲ. ಕೈಯಲ್ಲಿದ್ದ ಎಳೆ ಮುಗಿಸಿ, ಎಲ್ಲಿಯವರೆಗೆ ಆಗಿದೆ ಎಂದು ಬೆರಳಿನಿಂದ ಗುರುತು ನೋಡಿಕೊಂಡು, ಆಮೇಲೆ ಎದ್ದರು.

ಅವತ್ತು ಮಧ್ಯಾಹ್ನವೇ ಸ್ಕ್ರಿಪ್ಟ್ ಹೊಸದಾಗಿ ಬರೆದೆ. ಒಂದು ಸಲ ಉತ್ತರ ಬರದಿದ್ದರೆ ಏನೂ ಮಾಡುವುದಿಲ್ಲ, ನನಗೆ ಮೆಸೇಜ್ ಮಾತ್ರ. ಮೂರು ಸಲ ಬರದಿದ್ದರೆ ಮೊದಲು ಟರ್ಮ್. ಮೂವತ್ತು ಸೆಕೆಂಡ್ ಕಾಯುತ್ತದೆ. ಆಗಲೂ ಹೋಗದೆ ಉಳಿದ ಪ್ರೋಸೆಸ್ ಇದ್ದರೆ ಮಾತ್ರ 9. ಹಾಗೆ 9 ಹೊಡೆದರೆ ಬಿದ್ದಿರುವ ಸೆಮಾಫೋರ್‌ಗಳನ್ನು ಗುಡಿಸಿ, ಆಮೇಲೆ ಸ್ಟಾರ್ಟ್. ಫೋಟೋಗಳನ್ನೆಲ್ಲ ಇನ್ನೂರು ಕೆಬಿ ಆಸುಪಾಸಿಗೆ ಇಳಿಸಿದೆ. ನಿಜ ಹೇಳಬೇಕೆಂದರೆ ಜಾಸ್ತಿ ಫಲ ಕೊಟ್ಟದ್ದು ಅದೇ.

ಮಿತಿಯನ್ನೇ ಏರಿಸಬಹುದಿತ್ತಲ್ಲ ಎಂದು ಗೆಳೆಯ ಕೇಳಿದ. ಏರಿಸಬಹುದಿತ್ತು. 2015ರಲ್ಲಿ ಬಂದ ಲಿನಕ್ಸ್ 3.19ರಿಂದ ಆ 128 ಎಂಬುದು 32000 ಆಗಿದೆ. ಹೊಸ ಮಷಿನ್‌ಗಳಲ್ಲಿ ಈ ತೊಂದರೆ ಕಾಣುವುದೇ ಅಪರೂಪ. ಆದರೆ ನನ್ನ ಮಷಿನ್‌ನಲ್ಲಿ ಆ ಸಂಖ್ಯೆ ದೊಡ್ಡದಿದ್ದಿದ್ದರೆ ಆ 63 ನನಗೆ ಗೊತ್ತೇ ಆಗುತ್ತಿರಲಿಲ್ಲ. ಸೈಟ್ ನಿಲ್ಲುತ್ತಿರಲಿಲ್ಲ, ಗಿರಾಕಿಗಳು ನಡುವೆ ಕತ್ತರಿಸಿ ಹೋಗುತ್ತಲೇ ಇರುತ್ತಿದ್ದರು.

ಪಂಚಮಿಯ ದಿನ ಅಕ್ಕ ಮಕ್ಕಳೊಂದಿಗೆ ಬಂದಿದ್ದಳು. ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅವ್ವ ಒಂದು ತಟ್ಟೆಯಲ್ಲಿ ಶೇಂಗಾ ಉಂಡಿ, ಅಳ್ಳು ಹಾಕಿ ಕಂಪ್ಯೂಟರ್ ಪಕ್ಕದಲ್ಲಿಟ್ಟು ಹೋದಳು. ಕಾನ್ಫಿಗ್‌ನಲ್ಲಿ ಒಂದು ಸಣ್ಣ ಬದಲಾವಣೆ ಇತ್ತು. ಅಪಾಚೆಗೆ ಗ್ರೇಸ್‌ಫುಲ್ ಎಂದು ಹೇಳಿ ಲಾಗ್ ನೋಡುತ್ತಾ ಕೂತೆ. ಯಾರೋ ಒಬ್ಬರ ಆರ್ಡರ್ ನಡೆಯುತ್ತಿತ್ತು. ಹಳೆಯ ಮಗು ಅದನ್ನು ಮುಗಿಸಿತು, ಆಮೇಲೆ ಹೋಯಿತು. ಐಪಿಸಿಎಸ್ ಹೊಡೆದೆ. ಅಪಾಚೆಯ ಹೆಸರಿನಲ್ಲಿ ಎರಡೇ ಸಾಲು. ಇನ್ನೊಮ್ಮೆ ಹೊಡೆದೆ. ಎರಡೇ.