ಅವಳಿಗೆ ಒಂದು ಸಾಲೂ ಇಲ್ಲ

ಜನವರಿ 11, 2025, ಶನಿವಾರ

ಅಕ್ಕ ಗಾಂಧಿ ಬಜಾರಿನಿಂದ ಅವರೆಕಾಯಿ ತಂದಿದ್ದಳು. ರಾತ್ರಿ ನೆನೆಸಿದ್ದ ಕಾಳು ಹಿದುಕಲು ಸಂಜೆ ನಾನು, ಅಮ್ಮ, ಪುಟ್ಟಿ ಕೂತೆವು. ಪುಟ್ಟಿಯ ಫೋನಿನಲ್ಲಿ ಒಂದೇ ಹಾಡು ಮತ್ತೆ ಮತ್ತೆ. ಕಾಲೇಜ್ ಫೆಸ್ಟಿಗೆ ಡ್ಯಾನ್ಸ್ ಅಂತೆ. ಕಿವಿಗೊಟ್ಟು ಕೇಳಿದೆ. ‘ಬ್ಲರ್ಡ್ ಲೈನ್ಸ್’, ರಾಬಿನ್ ಥಿಕ್‌ನ ಇಂಗ್ಲಿಷ್ ಹಾಡು.

“ಇದೇ ಹಾಡು ಬೇಕಿತ್ತಾ?”

“ಬೀಟ್ ನೋಡು ಚಿಕ್ಕಮ್ಮ. ಪದ ಯಾರು ಕೇಳ್ತಾರೆ!”

ನಾನು ಕೇಳುತ್ತೇನೆ. 2013ರಲ್ಲಿ ಅಮೆರಿಕದಲ್ಲಿ ಇದು 12 ವಾರ ಮೊದಲ ಸ್ಥಾನದಲ್ಲಿತ್ತು. ಅದೇ ವರ್ಷ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘ ತನ್ನ ಜಾಗಗಳಲ್ಲಿ ಇದನ್ನು ಹಾಕುವುದೇ ಬೇಡ ಅಂದಿತು. ಪುಟ್ಟಿಗೆ ಇದನ್ನೆಲ್ಲ ಹೇಳಿದೆ.

“ಬೇಡ ಅಂದಿದ್ದಕ್ಕೇ ಇನ್ನೂ ಜಾಸ್ತಿ ಜನ ಕೇಳಿರ್ತಾರೆ. ಹಾಡು ಕೇಳಿ ಯಾರೂ ಕೆಟ್ಟೋಗಲ್ಲ. ಕುಣೀತಿರೋದು ನಾವು ಹುಡುಗೀರೇ ಅಲ್ವಾ?”

ತಳ್ಳಿಹಾಕುವ ಮಾತಲ್ಲ ಅದು. ಹಾಡು ನಿಲ್ಲಿಸಿ ಅಂತ ನಾನೂ ಹೇಳುವುದಿಲ್ಲ. ಪೋಲಿ ಮಾತಿಗೂ ನನ್ನ ತಕರಾರಿಲ್ಲ. ಆದರೆ ‘ನಿನಗೂ ಇದು ಬೇಕು, ನನಗೆ ಗೊತ್ತು’ ಎಂದು ಹಾಡಿನ ಹುಡುಗಿಯ ಪರವಾಗಿ ಹಾಡುವವನೇ ತೀರ್ಮಾನ ಮಾಡುತ್ತಾನಲ್ಲ, ಅದು ನನ್ನ ಹೊಟ್ಟೆಯಲ್ಲಿ ಸಂಕಟ ಎಬ್ಬಿಸುತ್ತದೆ.

ಹೇಳಿಬಿಟ್ಟೆ. ಆಗ ನನಗೆ ಹತ್ತೊಂಬತ್ತು. ಬಸ್‌ಸ್ಟಾಪಿನಲ್ಲಿ ಒಬ್ಬ ದಿನಾ ನನ್ನನ್ನು ನೋಡಿಕೊಂಡು ಒಂದೇ ಸಾಲು ಹಾಡುತ್ತಿದ್ದ. ಮುಟ್ಟಲಿಲ್ಲ, ಹಿಂದೆ ಬರಲಿಲ್ಲ. ಕ್ಯಾಸೆಟ್ ತಂದು ಇಟ್ಟುಕೊಂಡಿದ್ದೆ, ಅಷ್ಟು ಇಷ್ಟದ ಹಾಡು ನನಗೆ. ಎರಡು ತಿಂಗಳ ಕಾಲ ಅದರ ಹಿಂದಿನ ಸ್ಟಾಪಿನವರೆಗೆ ನಡೆದು ಬಸ್ ಹತ್ತಿದೆ. ಬರೀ ಹಾಡಿದ ಅಂದರೆ ಯಾರು ತಾನೇ ನಂಬುತ್ತಾರೆ, ಏನು ಅಂತ ದೂರು ಕೊಡುವುದು?

ಅಮ್ಮನ ಬೆರಳ ಸಂದಿಯಲ್ಲಿದ್ದ ಕಾಳು ಅಲ್ಲೇ ನಿಂತಿತು. ಸಿಪ್ಪೆ ಅರ್ಧ ಜಾರಿತ್ತು. ಇಷ್ಟು ವರ್ಷ ಆದಮೇಲೆ ಅವರು ಇದನ್ನು ಮೊದಲ ಸಲ ಕೇಳುತ್ತಿದ್ದರು.

“ನಂಗೆ ಹೇಳ್ಲಿಲ್ವಲ್ಲೇ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ನಾವೂ ಮದುವೇಲಿ ಬೀಗರನ್ನ ಬೈದು ಹಾಡ್ತಿದ್ವಿ. ಪೋಲಿ ಮಾತೂ ಇರೋದು. ಆದ್ರೆ ಬೀಗಿತ್ತಿ ಎದುರಿಗೇ ಕೂತಿರೋಳು. ತಿರುಗಿಸಿ ಹಾಡೋಳು.”

ಅಷ್ಟೇ ನೋಡಿ. ಅಮ್ಮ ಅದನ್ನು ಎಷ್ಟು ಸಲೀಸಾಗಿ ಹೇಳಿದರು! ಈ ಹಾಡಿನಲ್ಲಿ ಮೂವರು ಗಂಡಸರ ದನಿ ಇದೆ. ಅವಳಿಗೆ ಒಂದು ಸಾಲೂ ಇಲ್ಲ.

ಆ ಮೂವರಲ್ಲಿ ಒಬ್ಬ, ಫಾರೆಲ್ ವಿಲಿಯಮ್ಸ್, ಮೊದಲು ಪುಟ್ಟಿ ಹೇಳಿದ್ದನ್ನೇ ನಂಬಿದ್ದ: ಹೆಂಗಸರಿಗೂ ಈ ಹಾಡು ಇಷ್ಟ ಅಲ್ವಾ, ತಪ್ಪೇನು? 2019ರಲ್ಲಿ ಮಾತು ಬದಲಾಯಿಸಿದ. ಹೆಣ್ಣನ್ನು ದುರುಪಯೋಗ ಮಾಡಿಕೊಳ್ಳುವ ಗಂಡಸರು ಇದೇ ಮಾತು ಆಡುತ್ತಾರೆ, ನಾನು ಅಂಥವನಲ್ಲ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ ಎಂದ. ಬರೆದು ಹಾಡಿದವನೇ ಹಾಗೆ ಹೇಳಿದನಲ್ಲ, ನನಗೆ ಅದು ದೊಡ್ಡದಾಗಿ ಕಾಣಿಸಿತು.

ಪುಟ್ಟಿ ವಾದ ಮಾಡಲಿಲ್ಲ. ಹಾಡು ಆಫ್ ಮಾಡಿದಳು.

“ನಿಂಗೆ ಯಾರಾದ್ರೂ ಹಾಗೆ ಹಾಡಿದ್ದಾರಾ ಪುಟ್ಟಿ?” ಅಂದೆ, ಸುಮ್ನೆ.

ಪಾತ್ರೆಯಲ್ಲಿ ಕೈ ಆಡಿಸುತ್ತಾ ಕೂತಳು. ತೇಲುತ್ತಿದ್ದ ಸಿಪ್ಪೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟಳು. ಅಷ್ಟರಲ್ಲಿ ಅಕ್ಕ ಒಳಗಿಂದ ಕೂಗಿದಳು, ಒಗ್ಗರಣೆಗೆ ಹೊತ್ತಾಯ್ತು ಅಂತ. ಇಬ್ಬರೂ ಎದ್ದೆವು.

ಹನ್ನೊಂದು ಗಂಟೆ. ಅವಳ ಕೋಣೆಯ ಲೈಟ್ ಇನ್ನೂ ಉರಿಯುತ್ತಿದೆ. ಹೋಗಿ ಬಾಗಿಲು ತಟ್ಟಲಾ, ಅಥವಾ