ನ್ಯಾಶ್‌ವಿಲ್ ಮತ್ತು ರೆಡ್ ರಾಕ್ಸ್: ಕಂಟ್ರಿ, ರಾಕ್ ಸಂಗೀತ ಕೇಳಲು ಹೊರಡುವವರಿಗೆ

ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಪ್ರಕಾರ) ಮತ್ತು ರಾಕ್ ಸಂಗೀತವನ್ನು ವರ್ಷಗಟ್ಟಲೆ ಧ್ವನಿಮುದ್ರಿಕೆಗಳಲ್ಲೇ ಕೇಳುತ್ತ ಬಂದವರು, ಒಮ್ಮೆಯಾದರೂ ಅದನ್ನು ಅದರ ನೆಲದಲ್ಲೇ ಕೇಳಬೇಕೆಂದು ಹೊರಟಾಗ, ಮೊದಲು ಮೆಚ್ಚಿನ ಕಲಾವಿದರ ಕಾರ್ಯಕ್ರಮ ಪಟ್ಟಿಯನ್ನು ಹುಡುಕಿ ಅದಕ್ಕೆ ತಕ್ಕಂತೆ ವಿಮಾನದ ಟಿಕೆಟ್ ಮಾಡಿಸುವುದು ವಾಡಿಕೆ. ನನ್ನ ಸಲಹೆ ಇದಕ್ಕೆ ತಿರುವುಮುರುವಾಗಿದೆ: ಮೊದಲು ಸಭಾಂಗಣವನ್ನು ಆರಿಸಿಕೊಳ್ಳಿ, ನೀವಿರುವ ದಿನಗಳಲ್ಲಿ ಅಲ್ಲಿ ಯಾರು ಹಾಡುತ್ತಾರೋ ಅವರನ್ನು ಕೇಳಿ. ದೊಡ್ಡ ಹೆಸರಿನ ಕಲಾವಿದರು ಇಂದು ಬಹುಮಟ್ಟಿಗೆ ಕ್ರೀಡಾಂಗಣಗಳಲ್ಲಿ ಹಾಡುತ್ತಾರೆ. ಅಲ್ಲಿ ಹಿಂದಿನ ಸಾಲಿನವರಿಗೆ ದಕ್ಕುವುದು ಪರದೆಯ ಮೇಲಿನ ದೃಶ್ಯವಷ್ಟೇ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳನ್ನು ಕೇಳಿದವರಿಗೆ ಮೈದಾನದ ಸಂಭ್ರಮ ಎಂಥದೆಂಬುದು ಗೊತ್ತೇ ಇದೆ. ಅಷ್ಟು ದೂರ ಹೋಗಿ, ಅಷ್ಟು ಹಣ ಖರ್ಚುಮಾಡಿ ಅದನ್ನೇ ಮತ್ತೊಮ್ಮೆ ಪಡೆಯುವುದಕ್ಕಿಂತ, ಇಲ್ಲಿ ಸಿಗಲಾರದ್ದನ್ನು ಹುಡುಕಿಕೊಂಡು ಹೋಗುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕಾರಣಕ್ಕಾಗಿಯೇ ನಾನು ಎರಡು ಊರುಗಳನ್ನು ಆರಿಸಿಕೊಂಡೆ: ಕಂಟ್ರಿ ಸಂಗೀತಕ್ಕೆ ಟೆನೆಸಿಯ ರಾಜಧಾನಿ ನ್ಯಾಶ್‌ವಿಲ್, ರಾಕ್ ಸಂಗೀತಕ್ಕೆ ಕೊಲೊರಾಡೊದ ಡೆನ್ವರ್ ಬಳಿಯ ರೆಡ್ ರಾಕ್ಸ್ ಬಯಲು ರಂಗಮಂದಿರ. ಎರಡರ ನಡುವೆ ವಿಮಾನದಲ್ಲಿ ಸುಮಾರು ಮೂರು ಗಂಟೆಯ ಪ್ರಯಾಣ. ಹೋಗಲು ಸೆಪ್ಟೆಂಬರ್ ತಿಂಗಳು ಎಲ್ಲ ರೀತಿಯಿಂದಲೂ ಅನುಕೂಲ. ಜೂನ್ ತಿಂಗಳಲ್ಲಿ ನ್ಯಾಶ್‌ವಿಲ್ಲಿನಲ್ಲಿ ಸಿಎಂಎ ಫೆಸ್ಟ್ ಎಂಬ ಭಾರಿ ಉತ್ಸವ ನಡೆಯುವುದರಿಂದ ಹೋಟೆಲುಗಳ ಬಾಡಿಗೆ ಕೈಗೆಟುಕುವುದಿಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಟೆನೆಸಿಯಲ್ಲಿ ಸೆಕೆ, ಕೊಲೊರಾಡೊದಲ್ಲಿ ಮಧ್ಯಾಹ್ನದ ಗುಡುಗು ಮಳೆ. ಚಳಿಗಾಲಕ್ಕೆ ಕಾಯೋಣವೆಂದರೆ ರೆಡ್ ರಾಕ್ಸ್‌ನಲ್ಲಿ ಕಾರ್ಯಕ್ರಮಗಳೇ ವಿರಳ. ಬೆಂಗಳೂರಿನಿಂದ ನ್ಯಾಶ್‌ವಿಲ್ಲಿಗೆ ನೇರ ವಿಮಾನವಿಲ್ಲ. ಲಂಡನ್ನಿನ ಮೂಲಕ ಹೋದರೆ ಒಂದೇ ಕಡೆ ವಿಮಾನ ಬದಲಿಸಿದರೆ ಸಾಕಾಗುತ್ತದೆ. ವೀಸಾ ಕೈಗೆ ಬರುವವರೆಗೆ ಯಾವ ಕಾರ್ಯಕ್ರಮದ ಟಿಕೆಟನ್ನೂ ಕೊಳ್ಳಬೇಡಿ, ಏಕೆಂದರೆ ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ತಲುಪಿದ ದಿನದ ಸಂಜೆಯನ್ನೂ ಖಾಲಿ ಬಿಡಿ: ಹತ್ತೂವರೆ ಗಂಟೆಯ ಕಾಲವ್ಯತ್ಯಾಸವನ್ನು ಹೊತ್ತ ದೇಹ, ಎಷ್ಟೇ ಒಳ್ಳೆಯ ಹಾಡಿದ್ದರೂ ನಿದ್ದೆಯನ್ನೇ ಬಯಸುತ್ತದೆ.

ಟಿಕೆಟುಗಳು ಸಾಮಾನ್ಯವಾಗಿ ಅಲ್ಲಿನ ಬೆಳಗಿನ ಹತ್ತು ಗಂಟೆಗೆ ಮಾರಾಟಕ್ಕೆ ಬರುತ್ತವೆ. ನ್ಯಾಶ್‌ವಿಲ್ಲಿನ ಹತ್ತು ಗಂಟೆ ಎಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಸಭಾಂಗಣದ ಅಧಿಕೃತ ಜಾಲತಾಣ ಯಾವ ಮಾರಾಟಗಾರರ ಕೊಂಡಿಯನ್ನು ಕೊಟ್ಟಿದೆಯೋ ಅಲ್ಲಿಂದಲೇ ಕೊಳ್ಳಿ. ಹುಡುಕಿದಾಗ ಮೊದಲು ಎದುರಾಗುವ ಜಾಹೀರಾತುಗಳು ಅನೇಕ ವೇಳೆ ಮರುಮಾರಾಟಗಾರರದ್ದಾಗಿರುತ್ತವೆ. ಎಲ್ಲ ಶುಲ್ಕಗಳೂ ಸೇರಿದ ಒಟ್ಟು ಬೆಲೆಯನ್ನು ಮೊದಲೇ ತೋರಿಸಬೇಕೆಂಬ ನಿಯಮ ಅಮೆರಿಕದಲ್ಲಿ 2025ರ ಮೇ ತಿಂಗಳಿನಿಂದ ಜಾರಿಗೆ ಬಂದಿರುವುದರಿಂದ ಖರ್ಚಿನ ಅಂದಾಜು ಈಗ ಸುಲಭವಾಗಿದೆ. ಟಿಕೆಟ್ ಇರುವುದು ಮೊಬೈಲಿನ ಆ್ಯಪಿನಲ್ಲಿ. ಅದರ ಬಾರ್‌ಕೋಡ್ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅನೇಕ ಕಡೆ ಪರದೆಯ ಚಿತ್ರ ತೆಗೆದಿಟ್ಟುಕೊಂಡರೆ ನಡೆಯುವುದಿಲ್ಲ. ಆದ್ದರಿಂದ ರೋಮಿಂಗ್ ಅಥವಾ ಅಲ್ಲಿನ ಸಿಮ್ ಇಲ್ಲದೆ ಸಭಾಂಗಣದ ಬಾಗಿಲಿಗೆ ಹೋಗಬಾರದು.

ನ್ಯಾಶ್‌ವಿಲ್ಲಿನಲ್ಲಿ ಒಂದೇ ಒಂದು ಸಂಜೆ ಸಿಗುವುದಾದರೆ ಅದು ರೈಮನ್ ಆಡಿಟೋರಿಯಮ್ಮಿಗೆ ಮೀಸಲಾಗಬೇಕು. ನದಿ ಹಡಗುಗಳ ಒಡೆಯ ಥಾಮಸ್ ರೈಮನ್, ಸ್ಯಾಮ್ ಜೋನ್ಸ್ ಎಂಬ ಧರ್ಮಪ್ರಚಾರಕರ ಮಾತಿಗೆ ಮನಸೋತು ಕಟ್ಟಿಸಿದ ಪ್ರಾರ್ಥನಾ ಮಂದಿರವಿದು, 1892ರಲ್ಲಿ ತೆರೆಯಿತು. 1943ರಿಂದ 1974ರವರೆಗೆ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಬಾನುಲಿ ಕಾರ್ಯಕ್ರಮ ಇಲ್ಲಿಂದಲೇ ಪ್ರಸಾರವಾಗುತ್ತಿತ್ತು. ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ಅವರ ತಂಡಕ್ಕೆ 1945ರ ಡಿಸೆಂಬರಿನಲ್ಲಿ ಅರ್ಲ್ ಸ್ಕ್ರಗ್ಸ್ ಬ್ಯಾಂಜೋ ಎಂಬ ತಂತಿವಾದ್ಯವನ್ನು ಮೂರು ಬೆರಳಲ್ಲಿ ನುಡಿಸುವ ತಮ್ಮ ಶೈಲಿಯೊಂದಿಗೆ ಸೇರಿದ್ದು ಇದೇ ವೇದಿಕೆಯಲ್ಲಿ; ಬ್ಲೂಗ್ರಾಸ್ ಎಂಬ, ತಂತಿವಾದ್ಯಗಳ ವೇಗದ ಕಂಟ್ರಿ ಪ್ರಕಾರಕ್ಕೆ ಇಂದಿನ ರೂಪ ಬಂದದ್ದು ಆ ಸೇರ್ಪಡೆಯಿಂದ ಎನ್ನುತ್ತಾರೆ. ಒಟ್ಟು 2,362 ಆಸನಗಳಿರುವ ಈ ಸಭಾಂಗಣದಲ್ಲಿ ಕುರ್ಚಿಗಳಿಲ್ಲ, ವೇದಿಕೆಯ ಕಡೆಗೆ ಬಾಗಿದ ಓಕ್ ಮರದ ಉದ್ದನೆಯ ಬೆಂಚುಗಳಿವೆ. ಸಂಖ್ಯೆಗಳ ಗುರುತಿನಿಂದ ಮಾತ್ರ ನಿಮ್ಮ ಜಾಗ ತಿಳಿಯುತ್ತದೆ, ಪಕ್ಕದವರ ಭುಜಕ್ಕೆ ಭುಜ ತಾಗುತ್ತಿರುತ್ತದೆ. ಬಾಲ್ಕನಿಯನ್ನು 1897ರಲ್ಲಿ ಸೇರಿಸಿದಾಗ ಅದನ್ನು ಹೊರಲು ಹಾಕಿದ ಕಂಬಗಳು ಕೆಳಗಿನ ಹಿಂಭಾಗದ ಕೆಲವು ಆಸನಗಳಿಗೆ ಅಡ್ಡ ಬರುತ್ತವೆ. ಟಿಕೆಟ್ ಕೊಳ್ಳುವಾಗ ‘ನೋಟಕ್ಕೆ ಅಡ್ಡಿ’ ಎಂಬ ಸೂಚನೆಯನ್ನು ಗಮನಿಸಿ. ಅಂಥ ಆಸನಕ್ಕಿಂತ ಬಾಲ್ಕನಿಯ ಮೊದಲ ಸಾಲುಗಳು ಎಷ್ಟೋ ಪಾಲು ಉತ್ತಮ.

ಅಲ್ಲಿ ಕೇಳಿದ ಒಂದು ಬ್ಲೂಗ್ರಾಸ್ ತಂಡವನ್ನು ನಾನು ಮರೆಯಲಾರೆ. ಪಿಟೀಲು, ಮ್ಯಾಂಡೊಲಿನ್, ಬ್ಯಾಂಜೋ, ಗಿಟಾರ್ ಮತ್ತು ನಿಂತು ನುಡಿಸುವ ದೊಡ್ಡ ಬೇಸ್, ಎಲ್ಲಕ್ಕೂ ಸೇರಿ ವೇದಿಕೆಯ ನಡುವೆ ಒಂದೇ ಮೈಕು. ಯಾರ ಸರದಿ ಬರುತ್ತದೋ ಅವರು ಒಂದು ಹೆಜ್ಜೆ ಮುಂದೆ ಬಂದು ವಾದ್ಯವನ್ನು ಮೈಕಿನ ಮಟ್ಟಕ್ಕೆ ಎತ್ತಿ ನುಡಿಸುವುದು, ಮುಗಿಯುತ್ತಲೇ ಹೆಗಲು ಸರಿಸಿ ಇನ್ನೊಬ್ಬರಿಗೆ ದಾರಿ ಬಿಡುವುದು, ಪಲ್ಲವಿ ಬಂದಾಗ ಮೂವರ ತಲೆಗಳು ಒಟ್ಟಿಗೆ ಮೈಕಿನತ್ತ ಬಾಗುವುದು, ಇವೆಲ್ಲ ಒಬ್ಬರಿಗೊಬ್ಬರು ತಾಗದಂತೆ ನಡೆಯುತ್ತಿದ್ದವು. ದನಿಯ ಏರಿಳಿತವನ್ನು ಅಲ್ಲಿ ನಿಯಂತ್ರಿಸುತ್ತಿದ್ದದ್ದು ಆ ಹೆಜ್ಜೆಗಳೇ. ಪಿಟೀಲುವಾದಕಿ ಕಮಾನನ್ನು ತಂತಿಯಿಂದ ಎತ್ತಿದ ಮೇಲೂ ನಾದ ಒಂದು ಗಳಿಗೆ ಮರದ ಗೋಡೆಗಳಲ್ಲಿ ಉಳಿದದ್ದನ್ನು ಬಾಲ್ಕನಿಯಿಂದ ಸ್ಪಷ್ಟವಾಗಿ ಕೇಳಬಹುದಿತ್ತು. ಕುಳಿತು ನುಡಿಸುವ ನಮ್ಮ ಪಿಟೀಲಿನ ಕಛೇರಿಗಳನ್ನು ಕೇಳಿ ಬೆಳೆದವರಿಗೆ, ಅದೇ ವಾದ್ಯ ನಿಂತ ನಿಲುವಿನಲ್ಲಿ ಅಷ್ಟು ವೇಗವಾಗಿ, ಗಮಕಗಳ ಬದಲು ತಾಳದ ಒತ್ತಿನ ಮೇಲೆ ನಡೆಯುವುದನ್ನು ಎದುರಿಗೆ ನೋಡುವುದೇ ಒಂದು ಪಾಠ. ಇಂಥ ಬ್ಲೂಗ್ರಾಸ್ಸನ್ನು ಇನ್ನೂ ಹತ್ತಿರದಿಂದ ಕೇಳಬೇಕೆನ್ನುವವರಿಗೆ ಗಲ್ಚ್ ಬಡಾವಣೆಯ ಸ್ಟೇಷನ್ ಇನ್ ಎಂಬ ಪುಟ್ಟ ಜಾಗವೂ ಇದೆ.

ಆಪ್ರಿ ಈಗ ನಡೆಯುವುದು ಊರ ನಡುವಿನಿಂದ ಸುಮಾರು 15 ಕಿಲೋಮೀಟರ್ ದೂರದ, 1974ರಲ್ಲಿ ತೆರೆದ ಆಪ್ರಿ ಹೌಸ್‌ನಲ್ಲಿ. 1925ರ ನವೆಂಬರಿನಲ್ಲಿ ಡಬ್ಲ್ಯೂಎಸ್‌ಎಂ ಬಾನುಲಿ ಕೇಂದ್ರದಿಂದ ಆರಂಭವಾದ ಈ ಕಾರ್ಯಕ್ರಮಕ್ಕೆ ನೂರು ವರ್ಷ ತುಂಬಿದೆ. ಒಬ್ಬ ಕಲಾವಿದರ ಪೂರ್ಣ ಕಛೇರಿಯನ್ನು ನಿರೀಕ್ಷಿಸಿ ಹೋದವರಿಗೆ ನಿರಾಸೆಯಾಗಬಹುದು, ಏಕೆಂದರೆ ಹಿರಿಯರು, ಹೊಸಬರು, ಹಾಸ್ಯಗಾರರು ಎಲ್ಲರೂ ಬಂದು ಎರಡು ಮೂರು ಹಾಡು ಅಥವಾ ಅಷ್ಟೇ ಹೊತ್ತಿನ ಮಾತು ಮುಗಿಸಿ ಹೋಗುತ್ತಾರೆ. ನಡುವೆ ನಿರೂಪಕರು ಪ್ರಾಯೋಜಕರ ಜಾಹೀರಾತನ್ನು ವೇದಿಕೆಯ ಮೇಲೆಯೇ ಓದುತ್ತಾರೆ. ಕಂಟ್ರಿ ಸಂಗೀತದ ಪರಿಚಯ ಕಡಿಮೆ ಇರುವ ಮನೆಮಂದಿಯೊಂದಿಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಸಂಜೆ ಇಲ್ಲ. ರೈಮನ್‌ನ ಹಳೆಯ ವೇದಿಕೆಯಿಂದ ಕತ್ತರಿಸಿ ತಂದ ಮರದ ವೃತ್ತವೊಂದು ಇಲ್ಲಿನ ವೇದಿಕೆಯ ನಡುವೆ ಇದೆ. 2010ರ ಮೇ ತಿಂಗಳ ಪ್ರವಾಹದಲ್ಲಿ ನೀರು ನುಗ್ಗಿದಾಗಲೂ ಅದನ್ನು ಉಳಿಸಿಕೊಂಡರು. ಹಾಡುವವರು ಆ ವೃತ್ತದ ಮೇಲೆ ನಿಲ್ಲುವ ಮುನ್ನ ಒಮ್ಮೆ ಕೆಳಗೆ ನೋಡಿಕೊಳ್ಳುವುದನ್ನು ಗಮನಿಸಿ.

ಟಿಕೆಟ್ ಸಿಗುವುದು ಅತಿ ಕಷ್ಟವಾದದ್ದು ಬ್ಲೂಬರ್ಡ್ ಕೆಫೆಗೆ. 1982ರಲ್ಲಿ ಏಮಿ ಕರ್ಲೆಂಡ್ ಆರಂಭಿಸಿದ, ಸುಮಾರು 90 ಆಸನಗಳ ಈ ಪುಟ್ಟ ಜಾಗ ಗ್ರೀನ್ ಹಿಲ್ಸ್ ಬಡಾವಣೆಯ ಅಂಗಡಿ ಸಾಲೊಂದರಲ್ಲಿದೆ. ಹೊರಗಿನಿಂದ ನೋಡಿದರೆ ಗುರುತೇ ಸಿಗದು. ನಾಲ್ಕು ಜನ ಹಾಡು ಬರೆಯುವವರು ಕೋಣೆಯ ನಡುವೆ ಒಬ್ಬರಿಗೊಬ್ಬರು ಎದುರಾಗಿ ಕುಳಿತು ಸರದಿಯ ಮೇಲೆ ಹಾಡುತ್ತಾರೆ, ಪ್ರತಿ ಹಾಡಿಗೂ ಮೊದಲು ಅದು ಹುಟ್ಟಿದ ಸಂದರ್ಭವನ್ನು ಹೇಳುತ್ತಾರೆ. ಬೇರೆಯವರ ಕಂಠದಲ್ಲಿ ಜಗತ್ತೆಲ್ಲ ಕೇಳಿದ ಹಾಡನ್ನು, ಬರೆದವರೇ ಒಂದು ಗಿಟಾರಿನೊಂದಿಗೆ ನಿಮ್ಮಿಂದ ಕೈಯಳತೆಯ ದೂರದಲ್ಲಿ ಹಾಡುವಾಗ ಸಾಹಿತ್ಯದ ಒಂದೊಂದು ಪದವೂ ಹೊಸದಾಗಿ ಕೇಳಿಸುತ್ತದೆ. ಹಾಡಿನ ನಡುವೆ ಮಾತನಾಡುವಂತಿಲ್ಲ ಎಂಬುದು ಇಲ್ಲಿನ ಕಟ್ಟುನಿಟ್ಟಾದ ನಿಯಮ, ಮತ್ತು ಅದನ್ನು ಎಲ್ಲರೂ ಪಾಲಿಸುತ್ತಾರೆ. ಆಸನಗಳನ್ನು ಜಾಲತಾಣದಲ್ಲಿ ಬಿಟ್ಟ ಕೆಲವೇ ನಿಮಿಷಗಳಲ್ಲಿ ಮುಗಿಯುವುದರಿಂದ, ದಿನ ಮತ್ತು ಸಮಯವನ್ನು ಮೊದಲೇ ಬರೆದಿಟ್ಟುಕೊಂಡು ಕಾದು ಕುಳಿತಿರಬೇಕು. ಪ್ರಸಿದ್ಧರ ಹೆಸರಿಲ್ಲದ ದಿನಗಳಿಗೇ ಪ್ರಯತ್ನಿಸಿ; ಹಾಡುಗಳ ಗುಣಮಟ್ಟ ಅಂದೂ ಕಡಿಮೆಯಿರುವುದಿಲ್ಲ.

ಬ್ರಾಡ್‌ವೇ ಬೀದಿಯ ಹಾಂಕಿ ಟಾಂಕ್ ಎಂಬ ಸಂಗೀತದ ಬಾರುಗಳಲ್ಲಿ ಹೆಚ್ಚಿನವುಗಳಿಗೆ ಪ್ರವೇಶಧನವಿಲ್ಲ. ಬೆಳಗಿನಿಂದ ನಡುರಾತ್ರಿಯವರೆಗೆ ತಂಡದ ಮೇಲೆ ತಂಡ ನುಡಿಸುತ್ತಲೇ ಇರುತ್ತದೆ. ಅವರ ಸಂಪಾದನೆಯ ದೊಡ್ಡ ಪಾಲು ಕೇಳುಗರು ಹಾಕುವ ಟಿಪ್ಸಿನಿಂದಲೇ ಬರುತ್ತದೆ ಎಂಬುದನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಮೊಬೈಲ್ ಮೂಲಕ ಕೊಡಲು ಅಲ್ಲಿ ಬಳಸುವ ಆ್ಯಪುಗಳಿಗೆ ಸಾಮಾನ್ಯವಾಗಿ ಅಮೆರಿಕದ ಬ್ಯಾಂಕ್ ಖಾತೆ ಬೇಕಾಗುವುದರಿಂದ, ಐದು ಮತ್ತು ಹತ್ತು ಡಾಲರಿನ ನೋಟುಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಬೇಕು. ಹಳೆಯ ಶೈಲಿಯ ಕಂಟ್ರಿ ಬೇಕೆನ್ನುವವರು ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್‌ಗೆ ಮಧ್ಯಾಹ್ನವೇ ಹೋಗಿ ವೇದಿಕೆಯ ಬದಿಯಲ್ಲಿ ನಿಂತರೆ, ಪೆಡಲ್ ಸ್ಟೀಲ್ ಎಂಬ ಗಿಟಾರ್ ಬಗೆಯ ವಾದ್ಯದ ವಾದಕರಿರುವ ದಿನ, ಅವರ ಕಾಲು ಪೆಡಲುಗಳ ಮೇಲೆ, ಮೊಣಕಾಲು ಸನ್ನೆಕೋಲುಗಳ ಮೇಲೆ ಆಡುತ್ತ ಒಂದು ಸ್ವರವನ್ನು ಇನ್ನೊಂದರೊಳಗೆ ಜಾರಿಸುವುದನ್ನು ಹತ್ತಿರದಿಂದ ನೋಡಬಹುದು. ಸಂಜೆಯಾದ ಮೇಲೆ ಇಂಥ ಅನೇಕ ಕಡೆ 21 ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ವಯಸ್ಸಿನ ದಾಖಲೆಯಾಗಿ ಮೂಲ ಪಾಸ್‌ಪೋರ್ಟನ್ನೇ ಕೇಳುವ ಸಂಭವ ಹೆಚ್ಚು. ಮಲಗುವ ಕೋಣೆಯನ್ನು ಮಾತ್ರ ಈ ಬೀದಿಯಲ್ಲಿ ಹಿಡಿಯಬೇಡಿ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಇಲ್ಲಿನ ಊಟದ ಮನೆಗಳಲ್ಲಿ ತರಕಾರಿ ತಟ್ಟೆ ಎಂದು ಸಿಗುವುದರಲ್ಲಿ ಸೊಪ್ಪನ್ನೂ ಹುರುಳಿಕಾಯನ್ನೂ ಹಂದಿಮಾಂಸದ ತುಂಡಿನೊಂದಿಗೆ ಬೇಯಿಸುವ ಪದ್ಧತಿ ವ್ಯಾಪಕವಾಗಿದೆ. ಪ್ರತಿಯೊಂದನ್ನೂ ಕೇಳಿಯೇ ತಿನ್ನಿ; ಅವರು ಬೇಸರಿಸದೆ ಹೇಳುತ್ತಾರೆ.

ರೆಡ್ ರಾಕ್ಸ್‌ಗೆ ತಕ್ಕ ಸಿದ್ಧತೆ ಬೇರೆಯೇ. ಎರಡು ಬೃಹತ್ ಕೆಂಪು ಮರಳುಗಲ್ಲಿನ ಬಂಡೆಗಳ ನಡುವಿನ ಇಳಿಜಾರಿನಲ್ಲಿ, ಬರ್ನ್‌ಹ್ಯಾಮ್ ಹಾಯ್ಟ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ ನಿರ್ಮಿಸಿದ ಈ ರಂಗಮಂದಿರ 1941ರಲ್ಲಿ ತೆರೆಯಿತು. ಸುಮಾರು 9,500 ಜನ ಕೂರಬಹುದು. ಬೀಟಲ್ಸ್ ತಂಡ 1964ರಲ್ಲಿ, ಐರ್ಲೆಂಡಿನ ಯು2 ರಾಕ್ ತಂಡ 1983ರಲ್ಲಿ ಮಳೆಯ ನಡುವೆ ಇಲ್ಲಿ ಹಾಡಿದ್ದಾರೆ. ಸಮುದ್ರಮಟ್ಟದಿಂದ 6,450 ಅಡಿ ಎತ್ತರದಲ್ಲಿರುವುದರಿಂದ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಕುಳಿತು ಸಂಗೀತ ಕೇಳಿದಂತೆ. ವಾಹನ ನಿಲ್ದಾಣದಿಂದ ಮೇಲಿನ ಸಾಲುಗಳಿಗೆ ಹತ್ತುವಷ್ಟರಲ್ಲಿ ಉಸಿರು ಕಟ್ಟಿದಂತಾಗುತ್ತದೆ. ಡೆನ್ವರಿಗೆ ಒಂದೆರಡು ದಿನ ಮುಂಚಿತವಾಗಿ ಬಂದು ದೇಹ ಹೊಂದಿಕೊಂಡ ಮೇಲೆ ಹೋಗುವುದು, ನೀರು ಹೆಚ್ಚು ಕುಡಿಯುವುದು, ಅಂದು ಮದ್ಯದಿಂದ ದೂರವಿರುವುದು ಒಳ್ಳೆಯದು. ಕಾರ್ಯಕ್ರಮಗಳು ಮಳೆ ಬಂದರೂ ನಡೆಯುತ್ತವೆ, ಕೊಡೆಗೆ ಅವಕಾಶವಿಲ್ಲ. ಹಗಲಿನ ಬಿಸಿಲನ್ನು ನಂಬದೆ ರೇನ್‌ಕೋಟು ಮತ್ತು ಒಂದು ಸ್ವೆಟರು ಒಯ್ಯಿರಿ. ಚೀಲದ ಅಳತೆಯ ನಿಯಮವನ್ನು ಹೊರಡುವ ದಿನ ಮತ್ತೊಮ್ಮೆ ನೋಡಿಕೊಳ್ಳಿ.

ಮುಂದಿನ ಸಾಲಿಗಾಗಿ ಹೆಚ್ಚು ಹಣ ಕೊಡುವ ಅಗತ್ಯ ಇಲ್ಲಿಲ್ಲ. ನಡುವಿನ ಸಾಲುಗಳಲ್ಲಿ ಕುಳಿತರೆ ವೇದಿಕೆ, ಅದರ ಹಿಂದೆ ಪೂರ್ವದ ಬಯಲು, ಕತ್ತಲಾದಂತೆ ಹತ್ತಿಕೊಳ್ಳುವ ಡೆನ್ವರಿನ ದೀಪಗಳು, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಸೂರ್ಯ ನಮ್ಮ ಬೆನ್ನ ಹಿಂದೆ ಮುಳುಗುವಾಗ ಎದುರಿನ ಬಂಡೆಯ ತುದಿ ಕೆಂಡದ ಬಣ್ಣಕ್ಕೆ ತಿರುಗಿತ್ತು; ಆ ಹೊತ್ತಿಗೆ ಸರಿಯಾಗಿ ಡ್ರಮ್ಮಿನ ಮೊದಲ ಪೆಟ್ಟು ಬಿದ್ದಾಗ ಅದು ಕಿವಿಗೆ ಮುಟ್ಟುವ ಮೊದಲೇ ಕೂತ ಹಲಗೆಯಲ್ಲಿ ನಡುಗಿತು. ಇಷ್ಟು ಹತ್ತಿರದ, ಇಷ್ಟು ಗಟ್ಟಿಯಾದ ದನಿಗೆ ಕಿವಿಯನ್ನು ಕಾಪಾಡಿಕೊಳ್ಳಲೇಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರದಂತೆ 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಅಂದರೆ ರಾಕ್ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾದ 100 ಡೆಸಿಬೆಲ್‌ಗೆ ಹದಿನೈದೇ ನಿಮಿಷ. ಸಂಗೀತಕ್ಕೆಂದೇ ತಯಾರಿಸಿದ ಇಯರ್‌ಪ್ಲಗ್ಗುಗಳು ಸ್ವರಗಳನ್ನು ಮಸುಕು ಮಾಡದೆ ಒಟ್ಟು ದನಿಯನ್ನಷ್ಟೇ ತಗ್ಗಿಸುತ್ತವೆ. ಇಡೀ ಪ್ರವಾಸದಲ್ಲಿ ನಾನು ಮಾಡಿದ ಅತ್ಯಂತ ಸಾರ್ಥಕ ಖರೀದಿ ಅದೇ.

ರಂಗಮಂದಿರಕ್ಕೆ ನಗರ ಸಾರಿಗೆಯ ಬಸ್ಸಿಲ್ಲ. ಹೋಗುವಾಗ ಟ್ಯಾಕ್ಸಿ ಸುಲಭವಾಗಿ ಸಿಕ್ಕರೂ, ಮುಗಿದ ಮೇಲೆ ಸಾವಿರಾರು ಜನ ಒಟ್ಟಿಗೆ ಬೆಟ್ಟ ಇಳಿಯುವಾಗ ಸಿಗುವುದು ದುಸ್ತರ, ಮೊಬೈಲ್ ಸಂಪರ್ಕವೂ ಆಗ ನೆಚ್ಚುವಂತಿರುವುದಿಲ್ಲ. ಡೆನ್ವರಿನಿಂದ ಹೋಗಿಬರುವ ಖಾಸಗಿ ಶಟಲ್ ಬಸ್ಸುಗಳಲ್ಲಿ ಮೊದಲೇ ಸೀಟು ಕಾದಿರಿಸಿ, ಹಿಂದಿರುಗುವಾಗ ಬಸ್ಸು ಎಲ್ಲಿ ನಿಂತಿರುತ್ತದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದನ್ನು ಇಳಿಯುವಾಗಲೇ ಚಾಲಕರಿಂದ ಕೇಳಿ ತಿಳಿದುಕೊಳ್ಳಿ. ಕಾರ್ಯಕ್ರಮದ ಮರುದಿನ ಬೆಳಗಿನ ಮೊದಲ ವಿಮಾನಗಳನ್ನು ಹಿಡಿಯಬೇಡಿ. ರೆಡ್ ರಾಕ್ಸ್ ಊರಿನ ಪಶ್ಚಿಮಕ್ಕಿದ್ದರೆ ವಿಮಾನ ನಿಲ್ದಾಣ ಈಶಾನ್ಯದ ಕೊನೆಯಲ್ಲಿದೆ. ಊರ ನಡುವಿನ ಯೂನಿಯನ್ ಸ್ಟೇಷನ್ ಎಂಬ ರೈಲು ನಿಲ್ದಾಣದ ಆಸುಪಾಸಿನಲ್ಲಿ ಕೋಣೆ ಹಿಡಿದರೆ, ಅಲ್ಲಿಂದ ಎ ಲೈನ್ ರೈಲು 37 ನಿಮಿಷಗಳಲ್ಲಿ ವಿಮಾನ ನಿಲ್ದಾಣಕ್ಕೆ ತಲುಪಿಸುತ್ತದೆ.