ಕಾಣದ ಕಣ್ಣಿಗೆ ಡ್ರಾಪ್ಸ್ ಯಾಕೆ?

"ಆ ಕಣ್ಣು ಕಾಣಲ್ವಲ್ಲ, ಮತ್ಯಾಕೆ ಡ್ರಾಪ್ಸ್ ಹಾಕ್ತೀಯ?"

ಎಪಿಎಂಸಿ ಯಾರ್ಡಿನಲ್ಲಿ ಹಮಾಲರು ಕೇಳಿದ್ದಾರೆ. ಬೇಲೂರು ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ್ದಾರೆ. ಹಾಸನಾಂಬೆ ದರ್ಶನದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಪುಣ್ಯಾತ್ಮನೊಬ್ಬ ಮೂರು ಗಂಟೆಯಲ್ಲಿ ಮೂರು ಸಲ ಕೇಳಿದ. ಮೂರನೇ ಸಲಕ್ಕೆ "ಸುಮ್ನೆ ದುಡ್ಡು ದಂಡ" ಅಂತ ತೀರ್ಪನ್ನೂ ಕೊಟ್ಟ. ದೇವಿ ವರ್ಷಕ್ಕೊಮ್ಮೆ ಬಾಗಿಲು ತೆಗೆಯುವವಳು, ಅವಳ ಮುಂದೆ ಜಗಳ ಬೇಡ ಅಂತ ಸುಮ್ಮನಾದೆ. ಇನ್ನು ಸುಮ್ಮನಿರುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದಿಡುತ್ತೇನೆ. ಕೇಳಿದವರ ವಾಟ್ಸಾಪಿಗೆ ಇದನ್ನೇ ಕಳಿಸುವುದು.

ನನ್ನ ಎಡಗಣ್ಣು ಕೃತಕ. ಹನ್ನೊಂದನೇ ವಯಸ್ಸಿನಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ಬಂದು ಬಡಿಯಿತು. ಹೊಡೆದವನು ಯಾರು, ಈಗ ಎಲ್ಲಿದ್ದಾನೆ ಅನ್ನೋದೆಲ್ಲ ಬೇರೆ ಪ್ರಶ್ನೆ, ಅದಕ್ಕೆ ಇಲ್ಲಿ ಉತ್ತರವಿಲ್ಲ. (ಚೆನ್ನಾಗಿದ್ದಾನೆ. ಅರಸೀಕೆರೆ ಕಡೆ ತೆಂಗಿನ ತೋಟ ಇದೆ. ಮುಂದೆ ಮತ್ತೆ ಬರುತ್ತಾನೆ.)

ಎಲ್ಲರೂ ಅಂದುಕೊಂಡಿರುವುದು ಒಳಗೆ ಒಂದು ಗಾಜಿನ ಗೋಲಿ ಕೂರಿಸಿದ್ದಾರೆ ಅಂತ. ಗಾಜೂ ಅಲ್ಲ, ಗೋಲಿಯೂ ಅಲ್ಲ. ಅದೊಂದು ಅಕ್ರಿಲಿಕ್ ಚಿಪ್ಪು. ಮುಂದೆ ಉಬ್ಬು, ಹಿಂದೆ ಗುಳಿ. ಕಣ್ಣುಗುಡ್ಡೆ ತೆಗೆದ ಜಾಗದಲ್ಲಿ ಡಾಕ್ಟರು ಸಣ್ಣದೊಂದು ಚೆಂಡು ಇಟ್ಟು, ಅದರ ಮೇಲೆ ನಮ್ಮದೇ ಚರ್ಮ ಮುಚ್ಚಿ ಹೊಲಿದಿರುತ್ತಾರೆ. ಆ ಚರ್ಮದ ಮೇಲೆ, ರೆಪ್ಪೆಗಳ ಹಿಂದೆ ಈ ಚಿಪ್ಪು ಕೂರುತ್ತದೆ. ಆ ಚರ್ಮ ಕೆನ್ನೆಯ ಒಳಮೈ ಇದ್ದ ಹಾಗೆ, ಮೆತ್ತಗೆ, ಒದ್ದೆಯಾಗಿ, ಜೀವಂತವಾಗಿ ಇರುತ್ತದೆ. ಅದಕ್ಕೆ ಬೆಳಕು ಗೊತ್ತಾಗುವುದಿಲ್ಲ, ಮರಳು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ನಾನು ಡ್ರಾಪ್ಸ್ ಹಾಕುವುದು ಕಾಣಲಿ ಅಂತಲ್ಲ. ರೆಪ್ಪೆ ಪ್ಲಾಸ್ಟಿಕ್ಕಿನ ಮೇಲೆ ಉಜ್ಜದೆ ಜಾರಲಿ ಅಂತ. ಉತ್ತರ ಇಷ್ಟೇ. ಅವಸರ ಇದ್ದವರು ಇಲ್ಲಿಗೇ ಎದ್ದು ಹೋಗಬಹುದು.

ಹೋಗದವರ ಮುಂದಿನ ಪ್ರಶ್ನೆ: "ಹಾಗಾದ್ರೆ ಆ ಕಣ್ಣಲ್ಲಿ ನೀರು ಬರಲ್ವಾ?" ಬರುತ್ತದೆ. ಕಣ್ಣೀರಿನ ಗ್ರಂಥಿ ಇರುವುದು ಗುಡ್ಡೆಯಲ್ಲಲ್ಲ, ಹುಬ್ಬಿನ ಮೂಳೆಯ ಕೆಳಗೆ, ಕಿವಿಯ ಕಡೆಗೆ. ಚಿನ್ನಿ ಅದನ್ನು ಮುಟ್ಟಲಿಲ್ಲ. ಆದರೆ "ಒಣಗ್ತಾ ಇದೆ, ನೀರು ಬಿಡು" ಅಂತ ಗ್ರಂಥಿಗೆ ಸುದ್ದಿ ಮುಟ್ಟಿಸುವ ಕೆಲಸ ಹೆಚ್ಚಾಗಿ ಕಾರ್ನಿಯಾದ್ದು, ಅಂದರೆ ಗುಡ್ಡೆಯ ಮುಂದಿನ ಪಾರದರ್ಶಕ ಪದರದ್ದು. ಆ ಕಾರ್ನಿಯಾ ಈಗಿಲ್ಲ. ಟ್ಯಾಂಕು ಇದೆ, ವಾಲ್ವ್‌ಮನ್ ಇಲ್ಲ. ಬಂದಷ್ಟು ನೀರೂ ಪ್ಲಾಸ್ಟಿಕ್ಕಿನ ಮೇಲೆ ಸಮನಾಗಿ ಹರಡುವುದಿಲ್ಲ. ಸಾಲದ್ದಕ್ಕೆ ನಿದ್ದೆಯಲ್ಲಿ ನನ್ನ ಎಡ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಮೇಲೆ ಫ್ಯಾನು. ಬೆಳಿಗ್ಗೆ ಎದ್ದರೆ ಗೀಜು ಅಂಟಿನ ಹಾಗೆ ಕೂತಿರುತ್ತದೆ. ಒರೆಸುವಾಗಲೂ ಕಿವಿ ಕಡೆಯಿಂದ ಮೂಗಿನ ಕಡೆಗೇ ಒರೆಸಬೇಕು, ಉಲ್ಟಾ ಒರೆಸಿದರೆ ಚಿಪ್ಪೇ ಜಾರಿ ಕೈಗೆ ಬರಬಹುದು. ಒಂದು ಸಲ ಯಾರ್ಡಿನ ಮಂಡಿಯಲ್ಲಿ ಬಂದಿದೆ. ಲೆಕ್ಕದ ಪುಸ್ತಕದ ಮೇಲೆ ಬಿದ್ದು ನನ್ನನ್ನೇ ನೋಡುತ್ತಿತ್ತು. ಎದುರಿಗೆ ಕೂತಿದ್ದ ರೈತ ಆವತ್ತು ತೂಕದ ಬಗ್ಗೆ ಚಕಾರ ಎತ್ತಲಿಲ್ಲ.

ಹಾಸನ ಜಿಲ್ಲೆಯ ಭೂಗೋಳ ನನ್ನ ಎಡಗಣ್ಣಿಗೆ ಗೊತ್ತು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ಡ್ರಾಪ್ಸ್ ಬಾಟಲಿ ಜೇಬಿನಲ್ಲೇ ಮಲಗಿರುತ್ತದೆ. ಅರಸೀಕೆರೆ ಕಡೆಗೆ ಹೋದರೆ ಅರ್ಧ ದಾರಿಗೇ ಕಣ್ಣು ಉಪ್ಪುಕಾಗದ ಆಗುತ್ತದೆ. ಬೇಸಿಗೆಯಲ್ಲಿ ಜಲಂಧರ್‌ನಿಂದ ಬಿತ್ತನೆ ಆಲೂಗೆಡ್ಡೆ ಲಾರಿಗಳು ಬಂದು ಮೂಟೆ ಇಳಿಸಲು ಶುರು ಮಾಡಿದರೆ ಕಥೆ ಮುಗಿಯಿತು. ಪಂಜಾಬಿನ ಮಣ್ಣೆಲ್ಲ ನನ್ನ ರೆಪ್ಪೆಯ ಒಳಗೆ.

"ದಿನಾ ತೆಗೆದು ತೊಳೆದು ಹಾಕ್ಕೋಬಾರದಾ?" ಬಾರದು. ಪದೇ ಪದೇ ತೆಗೆದು ಹಾಕಿದರೆ ಚರ್ಮ ಇನ್ನಷ್ಟು ಕೆರಳುತ್ತದೆ. ವರ್ಷಕ್ಕೊಮ್ಮೆ ಹೋಗಿ ಪಾಲಿಷ್ ಮಾಡಿಸುತ್ತೇನೆ, ಮೇಲೆ ಕೂತ ಪದರ, ಗೀರು ಎಲ್ಲ ಹೋಗುತ್ತದೆ. ಬಂದಮೇಲೆ ಒಂದೆರಡು ತಿಂಗಳು ಕಣ್ಣು ತಣ್ಣಗಿರುತ್ತದೆ.

ಈ ಪಾಲಿಷ್ ಮಾಡಿಸಲು ನಾನು ಹೋಗುವುದು ಹಲ್ಲಿನ ಆಸ್ಪತ್ರೆಗೆ. ನಗಬೇಡಿ. ಕಣ್ಣಿನ ಅಳತೆ ತೆಗೆದದ್ದು ಹಲ್ಲಿನ ಅಳತೆ ತೆಗೆಯುವ ಅದೇ ಪೇಸ್ಟಿನಿಂದ. ಚಿಪ್ಪಿನ ಅಕ್ರಿಲಿಕ್ಕೂ ಹಲ್ಲುಸೆಟ್ಟಿನ ಗುಲಾಬಿ ವಸಡು ಮಾಡುವುದೂ ಒಂದೇ ಜಾತಿಯ ವಸ್ತು. ಮೊದಲು ಒಳ್ಳೆಯ ಕೃತಕ ಕಣ್ಣು ಅಂದರೆ ಜರ್ಮನಿಯ ಗಾಜಿನದು, ಲೌಷಾ ಅನ್ನುವ ಊರಿನವರು ಅದಕ್ಕೆ ಹೆಸರುವಾಸಿ. ಎರಡನೇ ಮಹಾಯುದ್ಧದಲ್ಲಿ ಅದು ಅಮೆರಿಕಕ್ಕೆ ಬರುವುದು ನಿಂತಾಗ ಅಲ್ಲಿನ ಸೈನ್ಯದ ಹಲ್ಲಿನ ತಂತ್ರಜ್ಞರು ತಮ್ಮ ಕೈಲಿದ್ದ ಅಕ್ರಿಲಿಕ್ಕಿನಿಂದ ಕಣ್ಣು ಮಾಡಿದರು. ನನ್ನ ಕಣ್ಣು ಆ ವಂಶದ್ದು. ಬಿಳಿ ಭಾಗದ ನರಗಳು ನಿಜವಾಗಿ ಸಣ್ಣ ಕೆಂಪು ರೇಷ್ಮೆ ಎಳೆಗಳು, ಮಾಡಿದ ಹುಡುಗಿ ಒಂದೊಂದಾಗಿ ಇಕ್ಕಳದಲ್ಲಿ ಹಿಡಿದು ಅಂಟಿಸಿದಳು. "ಬಲಗಣ್ಣು ಸ್ವಲ್ಪ ಕೆಂಪಿದೆ, ಇದಕ್ಕೂ ಎರಡು ಎಳೆ ಜಾಸ್ತಿ ಹಾಕ್ಲಾ ಸಾರ್?" ಅಂತ ಕೇಳಿದಳು. ಹಾಕಮ್ಮ ಅಂದೆ.

ಈಗ ಹಲ್ಲಿನ ಕಥೆ. ಹೋದ ವರ್ಷ ಎಡ ಕೆಳದವಡೆಯ ಬುದ್ಧಿಹಲ್ಲು ಅಡ್ಡ ಬೆಳೆದಿತ್ತು. ಶುಕ್ರವಾರ ಕೀಳಿಸಿದೆ. ಉಗುಳಬೇಡಿ, ಬೀಡಿ ಬೇಡ, ಸ್ಟ್ರಾ ಬೇಡ ಅಂದಿದ್ದರು. ಭಾನುವಾರ ಬೀಗರೂಟ. ಎಲೆ ಮುಂದೆ ಕೂತು ಮಟನ್ ಸಾರಿನ ವಾಸನೆ ಮಾತ್ರ ಕುಡಿದೆ. ನನ್ನ ಸ್ಥಿತಿ ನೋಡಿ ಮರುಗಿದವನು ಒಬ್ಬನೇ, ಆ ಚಿನ್ನಿ ಹೊಡೆದವನು. ಕಾರಿನ ಡಿಕ್ಕಿಯಿಂದ ಎಳನೀರು ತಂದು, ಕೊಚ್ಚಿ, ಸ್ಟ್ರಾ ಹಾಕಿ ಕೈಗೆ ಕೊಟ್ಟ. ಪ್ರೀತಿಯಿಂದ ಕೊಟ್ಟದ್ದು, ಎರಡು ಕುಡಿದೆ.

ಸೋಮವಾರ ಸಂಜೆ ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ನೋವು ಹತ್ತಿತು. ಬಾಯಲ್ಲಿ ಇಲಿ ಸತ್ತ ವಾಸನೆ. ಫೋನ್ ಮಾಡಿದರೆ ಡಾಕ್ಟರು, "ಡ್ರೈ ಸಾಕೆಟ್ ಇರಬೇಕು, ಬೆಳಿಗ್ಗೆ ಬನ್ನಿ" ಅಂತ ರಾತ್ರಿಗೊಂದು ಮಾತ್ರೆ ಹೇಳಿದರು. ಸಾಕೆಟ್ ಅಂದರೆ ಗುಳಿ, ಹಲ್ಲಿಗೂ ಕಣ್ಣಿಗೂ ಅದೇ ಮಾತು. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದ ಹಾಗೆ ಕೂರಬೇಕು. ಅದು ಕರಗಿದರೆ ಅಥವಾ ಕಿತ್ತು ಬಂದರೆ ಮೂಳೆ ಬತ್ತಲೆ. ಗಾಳಿ ತಾಗಿದರೂ ಉರಿ. ಕಣ್ಣಿನ ಡಾಕ್ಟರು ಮೂವತ್ತು ವರ್ಷದಿಂದ ನನಗೆ "ಡ್ರೈ ಸಾಕೆಟ್" ಅಂತ ಹೇಳುತ್ತಾ ಬಂದದ್ದು ಬೇರೆ, ಅಲ್ಲಿ ಒಣಗುವುದು ನೀರು. ಇಲ್ಲಿ ಬಾಯಿ ತುಂಬ ಜೊಲ್ಲಿದ್ದರೂ ಡ್ರೈ. ಹಲ್ಲಿನವರಿಗೆ ಈ ಹೆಸರು 1896ರಲ್ಲಿ ಕ್ರಾಫರ್ಡ್ ಅನ್ನುವವನಿಂದ ಬಂತಂತೆ. ನನ್ನಂಥವನೊಬ್ಬ ಎರಡನ್ನೂ ಒಂದೇ ಕಡೆ ಹೊತ್ತು ಮೆಡಿಕಲ್ ಶಾಪಿಗೆ ಹೋಗುತ್ತಾನೆ ಅಂತ ಅವನಿಗೆ ಹೊಳೆದಿರಲಾರದು.

ಹೋದೆ. ಕೆನ್ನೆ ಹಿಡಿದುಕೊಂಡು, ಅರ್ಧ ಬಾಯಲ್ಲಿ "ಡ್ರೈ ಸಾಕೆಟ್" ಅಂದೆ. ಹುಡುಗ ತಲೆ ಎತ್ತದೆ ನನ್ನ ಮಾಮೂಲಿ ಡ್ರಾಪ್ಸ್ ತೆಗೆದು ಕೌಂಟರಿನ ಮೇಲಿಟ್ಟ. ನಾನು ಬಾಯಿ ತೋರಿಸಿದೆ.

"ಬಾಯಿಗೆ ಹಾಕಂಗಿಲ್ಲ ಸಾರ್ ಇದನ್ನ."

ಅಷ್ಟರಲ್ಲಿ ಪಕ್ಕದಲ್ಲಿ ಬಿಪಿ ಮಾತ್ರೆಗೆ ನಿಂತಿದ್ದ ಒಬ್ಬರು ಅಮ್ಮ ನನ್ನ ಮುಖ ನೋಡಿದರು. ಕೆನ್ನೆಯ ಮೇಲೆ ಕೈ, ಅದರ ಮೇಲೆ ಅಲುಗಾಡದ ಕಣ್ಣು. "ಅಯ್ಯೋ ಪಾಪ, ಹಲ್ಲು ಕೀಳ್ಸಿದ್ದಕ್ಕೆ ಕಣ್ಣೇ ಹೋಯ್ತಾ? ನಾನು ನಮ್ಮ ಯಜಮಾನರಿಗೆ ಬಡ್ಕೊಂಡೆ, ಮೇಲಿನ ಹಲ್ಲು ಕೀಳಿಸ್ಬೇಡಿ ಅಂತ."

ಇಲ್ಲಮ್ಮ, ಹೋಗುವುದಿಲ್ಲ. ಮೇಲಿನದು ಕಿತ್ತರೂ ಹೋಗುವುದಿಲ್ಲ, ಕೆಳಗಿನದು ಕಿತ್ತರೂ ಹೋಗುವುದಿಲ್ಲ. ಹಲ್ಲಿನ ನೋವು, ಕಣ್ಣಿನ ಉರಿ ಎರಡೂ ಒಂದೇ ದೊಡ್ಡ ನರದ ಬೇರೆ ಬೇರೆ ಕೊಂಬೆಗಳಲ್ಲಿ ಹೋಗುತ್ತವೆ, ಅದಕ್ಕೇ ಹಲ್ಲು ನೊಂದರೆ ಅರ್ಧ ತಲೆಯೇ ಸಿಡಿಯುತ್ತದೆ. ನೋಟದ ನರವೇ ಬೇರೆ, ಅದಕ್ಕೂ ಹಲ್ಲಿಗೂ ಸಂಬಂಧವಿಲ್ಲ. ಇದನ್ನೆಲ್ಲ ಅಲ್ಲೇ ಹೇಳುವವನಿದ್ದೆ. ಬಾಯಿ ತೆರೆಯಲಾಗಲಿಲ್ಲ. ಆಕೆ ಮಾತ್ರೆಯನ್ನೂ ತಗೊಂಡು, ನನ್ನ ಕಥೆಯನ್ನೂ ತಗೊಂಡು ಹೋದರು. ಆ ಕಥೆ ಈಗ ಎಷ್ಟು ಬೀದಿ ದಾಟಿದೆಯೋ.

ಬೆಳಿಗ್ಗೆ ಡಾಕ್ಟರು ಗುಳಿ ತೊಳೆದು, ಲವಂಗದೆಣ್ಣೆ ವಾಸನೆಯ ಔಷಧಿ ಬಟ್ಟೆ ತುರುಕಿದರು. ಸ್ವಲ್ಪ ಹೊತ್ತಿಗೆ ಸ್ವರ್ಗ. ಮೂರು ಸಲ ಬದಲಾಯಿಸಿದರು. ಇಂಥ ಕಷ್ಟದ ಹಲ್ಲಿಗೆ ಸ್ಟ್ರಾ ಇಲ್ಲದೆಯೂ ಹೀಗಾಗುತ್ತದೆ ಅಂದರು. ಇರಬಹುದು. ನಾನು ಮಾತ್ರ ಅರಸೀಕೆರೆಗೆ ಫೋನ್ ಮಾಡಿ, "ಎರಡೂ ಸಾಕೆಟ್ಟು ನಿಂದೇ ಕಣೋ" ಅಂದೆ. ಆ ಕಡೆ ತುಂಬ ಹೊತ್ತು ಮಾತೇ ಇಲ್ಲ. ತಮಾಷೆ ಅಂತ ಮತ್ತೆ ಹೇಳಬೇಕಾಯಿತು. ಹೇಳಿದೆ.

ಅವನ ಬಗ್ಗೆ ಇನ್ನೊಂದು ಹೇಳಬೇಕು. ಇಷ್ಟು ವರ್ಷದಲ್ಲಿ ನನಗೆ ಬೇಕಿದ್ದ ಪ್ರಶ್ನೆ ಕೇಳಿದವನು ಅವನೊಬ್ಬನೇ: "ಯಾವ ಕಡೆ ಕೂತ್ಕೊಳ್ಳಲಿ?" ನನಗೆ ಎಡಗಡೆ ಏನೂ ಇಲ್ಲ. ಪಂಕ್ತಿಯಲ್ಲಿ ಬಡಿಸುವವರು ಎಡದಿಂದ ಬಂದರೆ ಮುದ್ದೆ ಆಕಾಶದಿಂದ ಬಿದ್ದ ಹಾಗೆ ಬೀಳುತ್ತದೆ. ಬಿಸಿ ಸಾರು ಬಂದರೆ ಕೈ ಸುಟ್ಟಮೇಲೇ ಗೊತ್ತು. ಎನ್.ಆರ್. ಸರ್ಕಲ್ ದಾಟುವಾಗ ಎಡದಿಂದ ಬರುವ ಬೈಕು ಹಾರ್ನ್ ಹೊಡೆಯುವವರೆಗೂ ಇಲ್ಲವೇ ಇಲ್ಲ. ಡ್ರಾಪ್ಸಿನ ದುಡ್ಡಿನ ಚಿಂತೆ ಮಾಡುವವರು ಯಾರೂ ಇದನ್ನು ಕೇಳುವುದಿಲ್ಲ. ಅವನು ಮಾತ್ರ ಬೀಗರೂಟದಲ್ಲಿ ಕೇಳಿದ, ನನ್ನ ಎಡಕ್ಕೆ ಕೂತ, ಬಡಿಸುವವರನ್ನೆಲ್ಲ "ಈ ಕಡೆಯಿಂದ ಬನ್ರಪ್ಪ" ಅಂತ ಸುತ್ತು ಹಾಕಿಸಿದ. ಊಟ ಮಾಡದವನಿಗೆ ಅಷ್ಟೆಲ್ಲ ಕಾವಲು. ಆಮೇಲೆ ಎಳನೀರಿಗೆ ಎದ್ದ.

ಮೊನ್ನೆ ಡ್ರಾಪ್ಸ್ ಮುಗಿದಿತ್ತು. ಮೆಡಿಕಲ್ ಶಾಪಿನ ಹುಡುಗ ನನ್ನನ್ನು ನೋಡಿ ಕಪಾಟಿನ ಕಡೆ ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ.

"ಸಾರ್, ಇವತ್ತು ಮೇಲಿಂದಾ, ಕೆಳಗಿಂದಾ?"